ಅಜ್ಜಿಯೂ ಒಂದೇ, ಪರದೆಯೂ ಒಂದೇ: ಮನೆಯಲ್ಲಿ ಕಟ್ಟಿದ ಕಾವಲು ಗನ್

ಅಮೆರಿಕದಲ್ಲಿ ಮಕ್ಕಳಿರುವ ಮನೆ ಎಂದರೆ ಸೋಫಾ ಸಂದಿಯಲ್ಲಿ ಎರಡು ಮೂರು ಫೋಮ್ ಡಾರ್ಟ್ ಸಿಕ್ಕೇ ಸಿಗುತ್ತವೆ. ಮೊದಲು ಹುಟ್ಟುಹಬ್ಬಕ್ಕೆ ಬಂದ ನರ್ಫ್ ಗನ್. ಆಮೇಲೆ ಯಾರಾದರೂ ಓಡಾಡಿದರೆ ತಾನೇ ತಿರುಗಿ ತಾನೇ ಹೊಡೆಯುವ ಗನ್ನಿನ ವಿಡಿಯೊ. ಅದರ ಹಿಂದೆಯೇ "ನಾವೂ ಮಾಡೋಣ" ಎಂಬ ಹಟ. ಈ ಹಟಕ್ಕೆ ಒಪ್ಪಿಕೊಳ್ಳಿ ಎನ್ನುವುದು ನನ್ನ ಸಲಹೆ. ಬಂದೂಕಿನ ಆಟ ನಮ್ಮ ಮನೆಗೆ ಬೇಕೇ ಎಂದು ಹಿಂಜರಿಯುವ ಅಪ್ಪ ಅಮ್ಮಂದಿರಿಗೇ ಇದನ್ನು ಒತ್ತಿ ಹೇಳುತ್ತೇನೆ. ಇಂಥದ್ದೊಂದನ್ನು ಕೈಯಾರೆ ಕಟ್ಟಿದ ಮಗುವಿಗೆ ಯಂತ್ರಕ್ಕೆ ಏನು ಗೊತ್ತು, ಏನು ಗೊತ್ತಿಲ್ಲ ಎನ್ನುವುದು ಚೆನ್ನಾಗಿ ಅರ್ಥವಾಗುತ್ತದೆ.

ಈ ಆಟಿಕೆಗಳ ಚರಿತ್ರೆಯಲ್ಲೂ ಒಬ್ಬ ಹುಡುಗನ ಹಟವಿದೆ. ಅಲಬಾಮಾದ ಮೊಬೀಲ್ ಊರಿನ ಲಾನಿ ಜಾನ್ಸನ್ ಗುಜರಿ ಸಾಮಾನು ಸೇರಿಸಿ 'ಲೈನೆಕ್ಸ್' ಎಂಬ ರೋಬಾಟ್ ಕಟ್ಟಿ, 1968ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ನಡೆದ ವಿಜ್ಞಾನ ಮೇಳದಲ್ಲಿ ಮೊದಲ ಬಹುಮಾನ ಪಡೆದರು. ಮುಂದೆ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಎಂಜಿನಿಯರ್ ಆದರು. ಸೂಪರ್ ಸೋಕರ್ ನೀರಿನ ಗನ್ ಅವರದೇ ಆವಿಷ್ಕಾರ. ಗಾಳಿಯ ಒತ್ತಡದಿಂದ ಹಾರಿಸುವ ಆಟಿಕೆ ಗನ್‌ಗಳ ಪೇಟೆಂಟ್‌ಗಳೂ ಅವರ ಹೆಸರಿನಲ್ಲಿವೆ.

ಏನೇನು ಬೇಕು?

ಬ್ಯಾಟರಿಯ ಫ್ಲೈವೀಲ್ ಗನ್ ಒಂದು. ಇದರೊಳಗೆ ಜೋರಾಗಿ ತಿರುಗುವ ಎರಡು ಚಕ್ರಗಳಿರುತ್ತವೆ. ಅವುಗಳ ನಡುವೆ ಸಿಕ್ಕ ಡಾರ್ಟ್ ಹಾರಿ ಹೋಗುತ್ತದೆ. ಗನ್ ಬಿಚ್ಚುವುದು ಬೇಡ. ಚಕ್ರ ತಿರುಗಿಸುವ ಟ್ರಿಗರ್‌ಗೆ ಒಂದು ಸರ್ವೋ ಮೋಟರ್, ಡಾರ್ಟ್ ತಳ್ಳುವ ಟ್ರಿಗರ್‌ಗೆ ಇನ್ನೊಂದು, ಗಟ್ಟಿ ದಾರ ಕಟ್ಟಿ ಎಳೆದರೆ ಸಾಕು. ಇಡೀ ಗನ್ನನ್ನು ಎಡಬಲಕ್ಕೆ ತಿರುಗಿಸಲು ಮೂರನೆಯದು. ಊಟದ ಮೇಜಿನ ಮೇಲೆ ಇಡುತ್ತಾರಲ್ಲ, ಆ ತಿರುಗುವ ತಟ್ಟೆಯ ಮೇಲೆ ಗನ್ ಕೂರಿಸಿದರೆ ಭಾರವೆಲ್ಲ ತಟ್ಟೆಯ ಮೇಲೆ ಬೀಳುತ್ತದೆ, ಸರ್ವೋಗೆ ಕಷ್ಟವಾಗುವುದಿಲ್ಲ. ಮಿದುಳಿನ ಕೆಲಸಕ್ಕೆ ಆರ್ಡುಯಿನೊ. ಸರ್ವೋಗಳಿಗೆ ಬೇರೆಯೇ 5 ವೋಲ್ಟ್ ಸಪ್ಲೈ ಕೊಡಿ, ಗ್ರೌಂಡ್ ವೈರ್ ಮಾತ್ರ ಎರಡಕ್ಕೂ ಸೇರಿಸಿ.

ಕಣ್ಣಿನ ಕೆಲಸಕ್ಕೆ ಮೂರು ಪಿಐಆರ್ ಸೆನ್ಸರ್. ಯಾರೋ ಬಂದಾಗ ಗ್ಯಾರೇಜ್ ದೀಪ ಹೊತ್ತಿಸುವುದೂ ಇದೇ. ಮೂರಕ್ಕೂ ಕಾಗದದ ಕೊಳವೆ ಸುತ್ತಿ ಎಡ, ನಡು, ಬಲ ಎಂದು ನೋಟ ಹಂಚಿ. ಅವನ್ನು ತಿರುಗುವ ತಟ್ಟೆಯ ಮೇಲೆ ಮಾತ್ರ ಕೂರಿಸಬೇಡಿ. ಸೆನ್ಸರ್ ತಾನೇ ತಿರುಗಿದರೆ ಅದಕ್ಕೆ ಇಡೀ ಕೋಣೆಯೇ ಓಡಾಡಿದ ಹಾಗೆ ಕಾಣುತ್ತದೆ.

ಮೊದಲ ವಾರ ಗನ್ ಬೇಡ

ಮೊದಲ ವಾರ ಸೆನ್ಸರ್‌ಗೆ ಒಂದು ಎಲ್‌ಇಡಿ ದೀಪ ಮಾತ್ರ ಜೋಡಿಸಿ. ದೀಪ ಯಾವಾಗ ಹೊತ್ತಿತು ಎಂದು ಮಗು ಪುಸ್ತಕದಲ್ಲಿ ಬರೆಯಲಿ. ನಮ್ಮಲ್ಲಿ ಒಂಬತ್ತು ವರ್ಷದ ಮಗಳು ಬರೆದ ಪಟ್ಟಿ ಹೀಗಿತ್ತು: ಅಜ್ಜಿ ಕಾಫಿ ಹಿಡಿದು ದಾಟಿದರು, ಹೊತ್ತಿತು. ಬಾಲ್ ಉರುಳಿಸಿದೆ, ಹೊತ್ತಲಿಲ್ಲ. ತಮ್ಮ ಸ್ಟ್ಯಾಚು ಆಡಿ ನಿಂತ, ಹೊತ್ತಲಿಲ್ಲ. ಹೀಟರ್ ಗಾಳಿಗೆ ಪರದೆ ಅಲ್ಲಾಡಿತು, ಹೊತ್ತಿತು.

"ಹಂಗಾದ್ರೆ ಇದಕ್ಕೆ ಅಜ್ಜಿಯೂ ಒಂದೇ, ಪರದೆಯೂ ಒಂದೇನಾ?"

"ನನ್ನ ಕಾಫಿ ಚೆಲ್ಲಿಸು, ಆಮೇಲೆ ಗೊತ್ತಾಗುತ್ತೆ ವ್ಯತ್ಯಾಸ," ಎಂದರು ಶಿವಮೊಗ್ಗದಿಂದ ಬಂದಿದ್ದ ಅವಳಜ್ಜಿ.

ಕಾರಣ ಸರಳ. ನಮ್ಮ ಮೈ ಕಣ್ಣಿಗೆ ಕಾಣದ ಶಾಖದ ಕಿರಣ ಸೂಸುತ್ತದೆ, ಹೆಚ್ಚಾಗಿ 9ರಿಂದ 10 ಮೈಕ್ರೋಮೀಟರ್ ತರಂಗಾಂತರದ ಸುತ್ತ. ಸೆನ್ಸರ್‌ನಲ್ಲಿ ಪಕ್ಕಪಕ್ಕದಲ್ಲಿ ಎರಡು ಭಾಗಗಳಿವೆ. ಒಂದಕ್ಕೆ ಬೀಳುವ ಶಾಖ ಇನ್ನೊಂದಕ್ಕಿಂತ ಬೇರೆಯಾದ ಕ್ಷಣ ಅದು ಸೂಚನೆ ಕೊಡುತ್ತದೆ. ಅಡ್ಡ ದಾಟಿದರೆ ಬೇಗ ಸಿಕ್ಕಿಬೀಳುತ್ತೀರಿ, ನೇರ ಅದರ ಕಡೆಗೇ ನಡೆದರೆ ತಡವಾಗಿ, ಅಲ್ಲಾಡದೆ ನಿಂತರೆ ಇಲ್ಲವೇ ಇಲ್ಲ. ಬಾಲ್ ಕೋಣೆಯಷ್ಟೇ ತಣ್ಣಗಿದೆ. ಹೀಟರ್ ಗಾಳಿಗೆ ಬೆಚ್ಚಗಾದ ಪರದೆ ಹಾಗಲ್ಲ. ಸ್ವಿಚ್ ಹಾಕಿದ ಮೇಲೆ ಸುಮಾರು ಒಂದು ನಿಮಿಷ ಸೆನ್ಸರ್ ತನ್ನಷ್ಟಕ್ಕೆ ಹೊಂದಿಕೊಳ್ಳಬೇಕು. ಮಕ್ಕಳಿಗೆ ಕಷ್ಟವಾಗುವುದು ಆ ಒಂದು ನಿಮಿಷವೇ.

ಐದು ಮೀಟರ್ ಲೆಕ್ಕ

ಗುರಿ ಹಿಡಿಯುವಾಗ ಶಾಲೆಯ ಭೌತವಿಜ್ಞಾನ ಕೋಣೆಗೇ ಬರುತ್ತದೆ. ಸುಮಾರು ಒಂದು ಗ್ರಾಂ ತೂಗುವ ಡಾರ್ಟ್ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೊರಟಿತು ಎನ್ನಿ. ಐದು ಮೀಟರ್ ದಾಟಲು ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ ಅದು 30 ಸೆಂಟಿಮೀಟರ್ ಕೆಳಗಿಳಿದಿರುತ್ತದೆ, ಸೆಕೆಂಡಿಗೆ ಮೂರು ಮೀಟರ್ ಓಡುವ ಮಗು 75 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಚಕ್ರಗಳು ವೇಗ ಪಡೆಯಲು ಹಿಡಿಯುವ ಸಮಯ ಇದರ ಮೇಲೆ. ಅಂದರೆ ಗನ್ ಹೊಡೆಯುವುದು ಯಾವಾಗಲೂ ಹಳೆಯ ಜಾಗಕ್ಕೆ. ಆ ಜಾಗಕ್ಕೆ ಈಗ ಯಾರು ಬಂದು ನಿಂತಿದ್ದಾರೆ ಎನ್ನುವುದು ಅದಕ್ಕೆ ತಿಳಿಯದು.

ಹೊಡೆಯಬಾರದ್ದು ಯಾವಾಗ?

ಈ ಪ್ರಶ್ನೆಗೆ ಉತ್ತರ ಬರೆದ ಮೇಲೆಯೇ ಡಾರ್ಟ್ ತುಂಬಿ. 2017ರಲ್ಲಿ ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯ ವೈದ್ಯರು, ಇಂಥ ಡಾರ್ಟ್ ತಗಲಿ ಕಣ್ಣಿನೊಳಗೆ ರಕ್ತಸ್ರಾವವಾದ ಮೂವರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅವರಲ್ಲೊಬ್ಬ 11 ವರ್ಷದ ಹುಡುಗ. ಕೈಯಲ್ಲಿ ಗನ್ ಹಿಡಿದ ಮಗು ಎದುರಿನವರ ಮುಖ ನೋಡಿ ಬೆರಳು ತಡೆಯಬಹುದು. ಈ ಗನ್ನಿಗೆ ಮುಖವೇ ಕಾಣುವುದಿಲ್ಲ.

ಆದ್ದರಿಂದ ಕೋಣೆಯಲ್ಲಿರುವ ಎಲ್ಲರಿಗೂ ಕನ್ನಡಕ, ಅಂದರೆ ಲ್ಯಾಬಿನಲ್ಲಿ ಹಾಕುವಂಥ ಸೇಫ್ಟಿ ಗಾಗಲ್ಸ್. ಗನ್ನಿನ ಮೂತಿ ಮನೆಯ ಅತಿ ಚಿಕ್ಕ ಮಗುವಿನ ಎದೆಗಿಂತ ಕೆಳಗೆ, ಸ್ವಲ್ಪ ನೆಲದ ಕಡೆಗೆ ಬಾಗಿರಲಿ. ಅಜ್ಜಿ ಕೂರುವ ಕುರ್ಚಿಯ ಕಡೆಗೆ ಸರ್ವೋ ತಿರುಗದಂತೆ ಕೋಡ್‌ನಲ್ಲಿ ಮಿತಿ ಹಾಕಿ, ಜೊತೆಗೆ ಮರದ ತುಂಡೊಂದನ್ನು ಅಡ್ಡ ಇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಕೆಲಸ ಮಾಡುವ ಒಂದು ಬಟನ್. ಅದನ್ನು ಟ್ರಿಗರ್ ಸರ್ವೋಗಳ ಕರೆಂಟ್ ದಾರಿಯಲ್ಲೇ ಜೋಡಿಸಿ. ಕೋಡ್ ಎಷ್ಟೇ ಕೆಟ್ಟರೂ, ಬೆರಳು ತೆಗೆದ ಮೇಲೆ ಟ್ರಿಗರ್ ಎಳೆಯುವವರೇ ಇರುವುದಿಲ್ಲ.

ಇನ್ನೊಂದು ಮಾತು, ಅಮೆರಿಕದಲ್ಲಿರುವವರಿಗೆ. ಗನ್ನಿನ ಕಿತ್ತಳೆ ತುದಿಗೆ ಬಣ್ಣ ಬಳಿಯಬೇಡಿ, ಗನ್ ಮನೆಯಿಂದ ಹೊರಗೆ ಹೋಗದಿರಲಿ. 2014ರಲ್ಲಿ ಕ್ಲೀವ್‌ಲ್ಯಾಂಡಿನ ಪಾರ್ಕಿನಲ್ಲಿ ಪೊಲೀಸರ ಗುಂಡಿಗೆ ಸತ್ತ 12 ವರ್ಷದ ಟಮೀರ್ ರೈಸ್ ಕೈಯಲ್ಲಿದ್ದುದು ಕಿತ್ತಳೆ ತುದಿಯಿಲ್ಲದ ಆಟಿಕೆ ಗನ್. ದೂರದಿಂದ ಅಲುಗಾಟ ಮಾತ್ರ ಕಂಡು ನಿರ್ಧರಿಸುವುದು ಎಷ್ಟು ಅಪಾಯ ಎನ್ನುವುದು ಯಂತ್ರಕ್ಕಷ್ಟೇ ಸಂಬಂಧಿಸಿದ ಪಾಠವಲ್ಲ. ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಈ ವಿಷಯ ಕೂತು ಮಾತಾಡಿ.

ಕೊನೆಗೊಂದು ಲಾಭ. ನಮ್ಮಲ್ಲಿ ಬಹುತೇಕ ಮನೆಗಳಲ್ಲಿ ಕನ್ನಡ ಎಂದರೆ "ಊಟ ಮಾಡು", "ಮಲಕ್ಕೋ" ಅಷ್ಟಕ್ಕೇ ನಿಂತುಬಿಡುತ್ತದೆ. ನಮ್ಮ ಕೋಡ್‌ನಲ್ಲಿ ಫಂಕ್ಷನ್‌ಗಳ ಹೆಸರು ನೋಡು, ತಿರುಗು, ತಡಿ, ಹೊಡಿ. ಬರೆದದ್ದು ಇಂಗ್ಲಿಷ್ ಅಕ್ಷರದಲ್ಲಾದರೂ ಜಗಳವಾಡಿದ್ದೆಲ್ಲ ಕನ್ನಡದಲ್ಲೇ. ನಾಲ್ಕರಲ್ಲಿ ಅತಿ ಉದ್ದವಾಗಿ ಬೆಳೆದದ್ದು 'ತಡಿ'. ಅದರಲ್ಲಿ ಈಗ ಹನ್ನೊಂದು ಷರತ್ತುಗಳಿವೆ, ಎಲ್ಲವೂ ಮಗಳು ಸೇರಿಸಿದ್ದು.