ತೆಂಗಿನ ನಾರು: ರಾಶಿಯೋ ಅವಯವಿಯೋ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗೆಂದರೆ ಕೊಬ್ಬರಿಯೆಂದೇ ಅರ್ಥ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೇರಿಸಿ, ಎಂಟರಿಂದ ಹನ್ನೆರಡು ತಿಂಗಳವರೆಗೆ ಹಾಗೆಯೇ ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಅಲುಗಾಡುವ ಹದಕ್ಕೆ ಬಂದ ಮೇಲೆ ಸುಲಿದು ಒಡೆದು ತೆಗೆಯುವ ಉಂಡೆಕೊಬ್ಬರಿಯು ಈ ಸೀಮೆಯ ಹೆಸರನ್ನು ಉತ್ತರ ಭಾರತದ ಪೇಟೆಗಳವರೆಗೆ ಒಯ್ದಿದೆ. ರೈತನ ಸಾಲ, ಮನೆಯ ಮದುವೆ, ವರ್ಷದ ಲೆಕ್ಕ ಎಲ್ಲವೂ ಕೊಬ್ಬರಿಯ ಧಾರಣೆಯನ್ನನುಸರಿಸಿ ನಡೆಯತಕ್ಕವು. ಸುಲಿದು ಬಿಸುಟ ಮಟ್ಟೆಯಾದರೋ ಒಲೆಗೆ, ಇಲ್ಲವೆ ತೋಟದ ಗುಂಡಿಗೆ, ಇಲ್ಲವೆ ನಾರಿನ ಕಾರ್ಖಾನೆಗೆ ಹೋಗುತ್ತದೆ. ಇದರ ಸ್ವರೂಪವನ್ನು ಕುರಿತು ಕನ್ನಡದಲ್ಲಿ ನಡೆದಿರುವ ವಿಚಾರ ಅಲ್ಪ. ಆದರೆ ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರದಲ್ಲಿ ಬಹು ತೀವ್ರವಾಗಿ ನಡೆದ ವಾದವೊಂದರ ವಿಷಯವು ಈ ಮಟ್ಟೆಯೊಳಗೇ ಅಡಗಿದೆ. ಆ ವಾದದ ರೀತಿಯು ತರ್ಕಶಾಸ್ತ್ರವನ್ನು ಓದಿದವರಿಗೆ ಅಪರಿಚಿತವಾದುದಲ್ಲ.

ಮೊದಲು ಶಬ್ದವನ್ನು ನೋಡತಕ್ಕದ್ದು. ಪಾಲಿಮರ್ ಎಂಬುದು ಗ್ರೀಕ್ ಮೂಲದ ಪದ. ‘ಪಾಲಿ’ ಎಂದರೆ ಬಹು, ‘ಮೆರೊಸ್’ ಎಂದರೆ ಭಾಗ ಅಥವಾ ಅವಯವ. ಸ್ವೀಡನ್ ದೇಶದ ಬರ್ಜೀಲಿಯಸ್ ಎಂಬ ರಸಾಯನಜ್ಞನು ೧೮೩೩ರಲ್ಲಿ ಇದನ್ನು ಬಳಕೆಗೆ ತಂದನು. ಆದರೆ ಮೂಲದ್ರವ್ಯಗಳ ಪ್ರಮಾಣ ಒಂದೇ ಆಗಿದ್ದು ಅಣುಭಾರ ಮಾತ್ರ ಬೇರೆಯಾದ ವಸ್ತುಗಳಿಗೆ ಆತನು ಆ ಹೆಸರನ್ನು ಕೊಟ್ಟನೇ ಹೊರತು, ಇಂದಿನ ಅರ್ಥವು ಆತನ ಮನಸ್ಸಿನಲ್ಲಿ ಇರಲಿಲ್ಲ. ಹಿಂದಿಯವರು ‘ಬಹುಲಕ’ ಎಂದು ಅನುವಾದಿಸಿದ್ದಾರೆ. ಅದರಲ್ಲಿ ಬಹುತ್ವವು ತೋರುತ್ತದೆ, ಅವಯವತ್ವವು ತೋರುವುದಿಲ್ಲ. ‘ಬಹ್ವವಯವಿ’ ಎಂದರೆ ಅರ್ಥವೇನೋ ಕೂಡುತ್ತದೆ, ನಾಲಗೆ ಮಾತ್ರ ತೊಡರುತ್ತದೆ. ಕನ್ನಡದಲ್ಲಿ ಪಾಲಿಮರ್ ಎಂದೇ ರೂಢಿಯಾಗಿರುವುದರಿಂದ ಅದನ್ನು ಕದಲಿಸುವುದು ವ್ಯರ್ಥ. ಯೋಗಾರ್ಥಕ್ಕಿಂತ ರೂಢಿಯು ಬಲವತ್ತರವೆಂಬುದು ಶಾಸ್ತ್ರಸಮ್ಮತವಾದ ಮಾತೇ.

ಇನ್ನು ವಾದದ ವಿಷಯ. ರಬ್ಬರು, ಪಿಷ್ಟ, ಹತ್ತಿ ಮೊದಲಾದವುಗಳಲ್ಲಿ ಸಣ್ಣ ಸಣ್ಣ ಅಣುಗಳು ಯಾವುದೋ ಒಂದು ದುರ್ಬಲವಾದ ಆಕರ್ಷಣದಿಂದ ಗುಂಪುಗೂಡಿರುತ್ತವೆಂದು ೧೯೨೦ರವರೆಗೆ ಹೆಚ್ಚಿನ ವಿದ್ವಾಂಸರು ನಂಬಿದ್ದರು. ಆ ವರ್ಷ ಜರ್ಮನಿಯ ಹರ್ಮನ್ ಸ್ಟೌಡಿಂಗರನು ಇದನ್ನು ಅಲ್ಲಗಳೆದು, ಇವು ರಾಶಿಗಳಲ್ಲ, ಸಾವಿರಾರು ಘಟಕಗಳು ದೃಢವಾದ ರಾಸಾಯನಿಕ ಬಂಧದಿಂದ ಸರಪಣಿಯಾಗಿ ಕೂಡಿದ ಒಂದೊಂದು ಮಹಾಣುವೆಂದು ಪ್ರತಿಪಾದಿಸಿದನು. ಆತನ ಯುಕ್ತಿಯೊಂದು ಮನನೀಯವಾಗಿದೆ. ರಬ್ಬರಿನ ಸಣ್ಣ ಅಣುಗಳನ್ನು ಅವುಗಳ ಅತೃಪ್ತವಾದ ಬಂಧಗಳೇ ಒಟ್ಟಾಗಿ ಹಿಡಿದಿವೆಯೆಂಬುದು ಪೂರ್ವಪಕ್ಷ. ಹಾಗಾದರೆ ಜಲಜನಕವನ್ನು ಕೂಡಿಸಿ ಆ ಬಂಧಗಳನ್ನು ತೃಪ್ತಿಪಡಿಸಿದಾಗ ಗುಂಪು ಚೆದುರಿ, ಕುದಿಸಿ ಇಳಿಸಬಹುದಾದ ಹಗುರವಾದ ದ್ರವ್ಯವು ಉಳಿಯಬೇಕು. ೧೯೨೨ರಲ್ಲಿ ಪ್ರಯೋಗ ಮಾಡಿದಾಗ ರಬ್ಬರಿನ ಅಂಟುಸ್ವಭಾವ ಹಾಗೆಯೇ ಉಳಿಯಿತು. ಆದರೂ ಪ್ರತಿವಾದಿಗಳು ಬಹುಕಾಲ ಒಪ್ಪಲಿಲ್ಲ. ನೊಬೆಲ್ ಪಾರಿತೋಷಕವು ಆತನಿಗೆ ಸಂದುದು ೧೯೫೩ರಲ್ಲಿ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ.

ವಸ್ತ್ರವು ನೂಲುಗಳ ರಾಶಿಯೇ, ಅಥವಾ ನೂಲುಗಳಿಂದ ಹುಟ್ಟಿ ಅವುಗಳಿಂದ ಭಿನ್ನವಾದ ಅವಯವಿಯೇ ಎಂಬ ನೈಯಾಯಿಕ-ಬೌದ್ಧ ವಿವಾದವನ್ನು ಇದು ನೆನಪಿಗೆ ತರುತ್ತದೆ. ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಅವಯವಿಯನ್ನು ಸಾಧಿಸುವುದಕ್ಕೆ ಕೊಟ್ಟಿರುವ ಹೇತುಗಳಲ್ಲಿ ಧಾರಣ ಮತ್ತು ಆಕರ್ಷಣಗಳು ಸೇರಿವೆ: ಒಂದು ತುದಿಯನ್ನು ಹಿಡಿದರೆ ವಸ್ತುವೆಲ್ಲವೂ ಕೈಗೆ ಬರುತ್ತದೆ, ಎಳೆದರೆ ಎಲ್ಲವೂ ಹಿಂದೆ ಬರುತ್ತದೆ. ವಾತ್ಸ್ಯಾಯನನು ಈ ಹೇತುವನ್ನು ಹಾಗೆಯೇ ಬಿಡುವುದಿಲ್ಲ. ಅರಗಿನಿಂದ ಅಂಟಿಸಿದ ಹುಲ್ಲು, ಕಲ್ಲು, ಕಟ್ಟಿಗೆಗಳೂ ಒಟ್ಟಿಗೆ ಎಳೆಯಲ್ಪಡುತ್ತವೆ; ಅಲ್ಲಿ ಹೊಸದೊಂದು ದ್ರವ್ಯ ಹುಟ್ಟಿಲ್ಲ; ಆದುದರಿಂದ ಧಾರಣಾಕರ್ಷಣಗಳಿಗೆ ‘ಸಂಗ್ರಹ’ವೆಂಬ ಬೇರೊಂದು ಗುಣವೇ ಕಾರಣವೆಂದು ಭಾಷ್ಯದಲ್ಲಿ ವಿಮರ್ಶೆಯಿದೆ. ಪ್ರಾಚೀನರಿಗೆ ಪಾಲಿಮರುಗಳು ಗೊತ್ತಿದ್ದುವೆಂದು ಇದರಿಂದ ಹೇಳಹೊರಡುವುದು ಶಾಸ್ತ್ರಕ್ಕೂ ಅಪಚಾರ, ವಿಜ್ಞಾನಕ್ಕೂ ಅಪಚಾರ. ಅವರ ಪ್ರಮಾಣಗಳು ಬೇರೆ, ಸ್ಟೌಡಿಂಗರನ ಪ್ರಮಾಣಗಳು ಬೇರೆ. ಆದರೆ ಪ್ರಶ್ನೆಯ ಆಕಾರ ಒಂದೇ. ತೆಂಗಿನ ನಾರನ್ನು ಅರಿಯಲು ಸರಪಣಿ ಮತ್ತು ಅರಗು ಎಂಬ ಎರಡು ದೃಷ್ಟಾಂತಗಳೂ ಬೇಕಾಗುತ್ತವೆ.

ಸರಪಣಿಯ ಸ್ಥಾನದಲ್ಲಿರುವುದು ಸೆಲ್ಯುಲೋಸ್. ಫ್ರಾನ್ಸಿನ ಪಾಯೆನ್ ಎಂಬಾತನು ೧೮೩೮ರಲ್ಲಿ ಇದನ್ನು ಸಸ್ಯಗಳಿಂದ ಬೇರ್ಪಡಿಸಿದನು. ಇದರ ಘಟಕವು ಗ್ಲೂಕೋಸ್ ಸಕ್ಕರೆ. ಒಂದು ಗ್ಲೂಕೋಸು ಮತ್ತೊಂದರೊಡನೆ ಸೇರುವಾಗ ನೀರಿನ ಒಂದು ಅಣು ಕಳಚಿಹೋಗುತ್ತದೆ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಲೋಪಸಂಧಿ. ಇಂತಹ ಲೋಪವುಳ್ಳ ಪಾಲಿಮರುಗಳನ್ನೂ, ಯಾವ ಲೋಪವೂ ಇಲ್ಲದೆ ಘಟಕಗಳು ಕೂಡಿದ ಪಾಲಿಮರುಗಳನ್ನೂ ಅಮೆರಿಕದ ಕರೋಥರ್ಸನು ೧೯೨೯ರಲ್ಲಿ ಎರಡು ಬೇರೆ ವರ್ಗಗಳಾಗಿ ವಿಂಗಡಿಸಿದನು. ಅಕ್ಕಿಯ ಪಿಷ್ಟದಲ್ಲಿಯೂ ಇರುವುದು ಇದೇ ಗ್ಲೂಕೋಸು. ವರ್ಣಗಳು ಅವೇ, ಸಂಧಿ ಬೇರೆ: ಪಿಷ್ಟದಲ್ಲಿ ಘಟಕಗಳೆಲ್ಲ ಒಂದೇ ಮುಖವಾಗಿ ಸೇರಿ ಸರಪಣಿಯು ಸುರುಳಿಗೊಳ್ಳುತ್ತದೆ; ಸೆಲ್ಯುಲೋಸಿನಲ್ಲಿ ಒಂದು ಬಿಟ್ಟು ಒಂದು ಘಟಕ ಮಗುಚಿಕೊಂಡಿರುವುದರಿಂದ ಸರಪಣಿಯು ನೆಟ್ಟಗೆ ನಿಂತು, ನೆರೆಯ ಸರಪಣಿಗಳೊಡನೆ ಒತ್ತಾಗಿ ಹೊಂದಿ ಗಟ್ಟಿಯಾದ ಎಳೆಯಾಗುತ್ತದೆ. ಅನ್ನ ಜೀರ್ಣವಾಗುವುದಕ್ಕೂ ನಾರು ಜೀರ್ಣವಾಗದಿರುವುದಕ್ಕೂ ಇಷ್ಟೇ ಕಾರಣ.

ಅರಗಿನ ಸ್ಥಾನದಲ್ಲಿರುವುದು ಲಿಗ್ನಿನ್. ಮರವೆಂಬ ಅರ್ಥದ ಲ್ಯಾಟಿನ್ ಪದದಿಂದ ಡಿ ಕಾಂಡೋಲನು ೧೮೧೩ರಲ್ಲಿ ಮಾಡಿದ ಹೆಸರಿದು. ಇದೂ ಪಾಲಿಮರೇ, ಆದರೆ ಸೆಲ್ಯುಲೋಸಿನಂತೆ ಒಂದೇ ಗಣ ಮರಳಿ ಮರಳಿ ಬರುವ ಛಂದಸ್ಸು ಇದಕ್ಕಿಲ್ಲ. ಮೂರು ಬಗೆಯ ಘಟಕಗಳು ಸಿಕ್ಕಸಿಕ್ಕ ಕಡೆ ಕೂಡಿ ಎಲ್ಲ ದಿಕ್ಕಿಗೂ ಹಬ್ಬಿದ ಬಲೆಯಿದು. ಹತ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸೆಲ್ಯುಲೋಸು ಇದ್ದು ಲಿಗ್ನಿನ್ ಇಲ್ಲವೆನ್ನುವಷ್ಟು ಅತ್ಯಲ್ಪ. ಸೆಣಬಿನಲ್ಲಿ ಲಿಗ್ನಿನ್ ಸುಮಾರು ೧೨ರಷ್ಟು. ತೆಂಗಿನ ನಾರಿನಲ್ಲಾದರೋ ೪೦ರಿಂದ ೪೫ರವರೆಗೆ ಇದೆ. ಬಳಕೆಯಲ್ಲಿರುವ ನಾರುಗಳಲ್ಲಿ ಇಷ್ಟು ಅರಗನ್ನು ಹೊತ್ತ ನಾರು ಬೇರೆ ಕಾಣುವುದಿಲ್ಲ. ನೀರಿನಲ್ಲಿ ಬಹುಕಾಲ ಬಿದ್ದರೂ ಬೇಗ ಕೊಳೆಯದಿರುವ ಗುಣ ಇದರಿಂದ ಬಂದುದು. ಹಡಗಿನ ಹಗ್ಗಕ್ಕೂ ಬಾವಿಯ ಹಗ್ಗಕ್ಕೂ ತೆಂಗಿನ ನಾರನ್ನೇ ಆರಿಸಿದವರ ಅನುಭವವು ಇದಕ್ಕೆ ಸಾಕ್ಷಿ. ಒಂದು ಗೇಣುದ್ದದ ನಾರು ಕಣ್ಣಿಗೆ ಒಂದೇ ಎಳೆಯಂತೆ ತೋರಿದರೂ, ಒಂದು ಮಿಲಿಮೀಟರನ್ನು ಮೀರದ ಅಸಂಖ್ಯಾತ ಕೋಶಗಳು ಈ ಅರಗಿನಿಂದ ಅಂಟಿಕೊಂಡು ಆದುದು. ಹೀಗಾಗಿ ಸೆಲ್ಯುಲೋಸಿನ ಮಟ್ಟದಲ್ಲಿ ಸ್ಟೌಡಿಂಗರನ ಅವಯವಿ, ನಾರಿನ ಮಟ್ಟದಲ್ಲಿ ವಾತ್ಸ್ಯಾಯನನ ಸಂಗ್ರಹ, ಎರಡೂ ಒಂದೇ ವಸ್ತುವಿನಲ್ಲಿ ಸೇರಿವೆ.

ಈ ನಾರಿನ ಮತ್ತೊಂದು ವಿಶೇಷವು ಹೆಚ್ಚು ಸ್ವಾರಸ್ಯವಾದುದು. ಕೋಶದ ಗೋಡೆಯಲ್ಲಿ ಸೆಲ್ಯುಲೋಸಿನ ಸೂಕ್ಷ್ಮತಂತುಗಳು ನೆಟ್ಟಗೆ ಹಾಯದೆ, ಕಂಬಕ್ಕೆ ಬಳ್ಳಿ ಸುತ್ತಿದಂತೆ ಓರೆಯಾಗಿ ಸುತ್ತಿರುತ್ತವೆ. ಸೆಣಬಿನಲ್ಲಿ ಈ ಓರೆಯು ಹತ್ತು ಅಂಶಗಳ ಒಳಗೆ. ತೆಂಗಿನ ನಾರಿನಲ್ಲಿ ೩೦ರಿಂದ ೪೯ ಅಂಶಗಳವರೆಗೆ. ಎಳೆದಾಗ ಸೆಣಬಿನ ತಂತುಗಳು ಕೂಡಲೇ ಬಿಗಿದು, ನೂರಕ್ಕೆ ಒಂದೆರಡು ಪಾಲು ಹಿಗ್ಗುವಷ್ಟರಲ್ಲಿ ತುಂಡಾಗುತ್ತವೆ. ತೆಂಗಿನ ನಾರಿನ ಸುತ್ತುಗಳು ಮೊದಲು ಸಡಿಲುತ್ತವೆ, ಬಳಿಕ ಬಿಗಿಯುತ್ತವೆ. ತುಂಡಾಗುವ ಮೊದಲು ಅದು ನೂರಕ್ಕೆ ೧೫ರಿಂದ ೪೦ರಷ್ಟು ಹಿಗ್ಗಬಲ್ಲುದು. ಸೆಣಬಿಗಿಂತ ಬಲದಲ್ಲಿ ಹಿಂದಾದರೂ ಜಗ್ಗನ್ನು ತಾಳುವುದರಲ್ಲಿ ಮುಂದು. ಹಗ್ಗ ಹೊಸೆಯುವವನು ನಾರನ್ನು ತಿರುಚಿ ಹುರಿಮಾಡಿ, ಹುರಿಗಳನ್ನು ಎದುರುಮುಖವಾಗಿ ತಿರುಚಿ ಹಗ್ಗವನ್ನು ಮಾಡುತ್ತಾನಷ್ಟೆ. ಆತನ ಕೈ ಸೋಕುವುದಕ್ಕೆ ಮೊದಲೇ ನಾರಿನೊಳಗೆ ಆ ಹೊಸೆತ ನಡೆದಿರುತ್ತದೆ. ಸಂಸ್ಕೃತದಲ್ಲಿ ‘ಗುಣ’ ಶಬ್ದಕ್ಕೆ ಹುರಿ ಎಂದೂ ಧರ್ಮ ಎಂದೂ ಎರಡರ್ಥಗಳಿರುವುದು ಎಲ್ಲರಿಗೂ ತಿಳಿದ ಸಂಗತಿ. ಇಲ್ಲಿ ಆ ಎರಡರ್ಥಗಳೂ ಕೂಡಿಬಂದಿವೆ. ಇಂಗ್ಲಿಷಿನವರ ‘ಕಾಯರ್’ ಶಬ್ದವು ಹಗ್ಗವೆಂಬ ಅರ್ಥದ ಮಲೆಯಾಳದ ‘ಕಯರ್’ನಿಂದ ಹೋದುದು, ಹೊಸೆದ ಮೇಲಿನ ಹೆಸರು ಅದು. ಕನ್ನಡದ ‘ನಾರು’ ಹೊಸೆಯುವ ಮುಂಚಿನ ಹೆಸರು.

ಕೇರಳದ ಕರಾವಳಿಯಲ್ಲಿ ಹಸುರು ಮಟ್ಟೆಯನ್ನು ಹಿನ್ನೀರಿನಲ್ಲಿ ಆರರಿಂದ ಹತ್ತು ತಿಂಗಳು ಮುಳುಗಿಸಿಡುತ್ತಾರೆ. ಸೂಕ್ಷ್ಮಜೀವಿಗಳು ನಾರುಗಳ ನಡುವಣ ಪೆಕ್ಟಿನ್ ಮೊದಲಾದ ಮೆತ್ತನೆಯ ಅಂಟನ್ನು ತಿನ್ನುತ್ತವೆ, ಲಿಗ್ನಿನನ್ನು ಬಿಟ್ಟುಬಿಡುತ್ತವೆ. ಆಗ ಬಡಿದರೆ ಬಿಳಿಯ ನಾರು ದೊರೆಯುತ್ತದೆ. ತಿಪಟೂರಿನ ಕಡೆ ಹಿನ್ನೀರಿಲ್ಲ, ಮಟ್ಟೆಯೂ ಹಸುರಲ್ಲ. ಕಾಯಿಯೊಡನೆ ಅಟ್ಟದಲ್ಲಿ ಒಣಗಿ ಕಂದಿದುದು. ಅದನ್ನು ನೀರಿನಲ್ಲಿ ನೆನೆಸಿ ಯಂತ್ರಕ್ಕೆ ಕೊಟ್ಟು ಕಂದುನಾರನ್ನು ತೆಗೆಯುತ್ತಾರೆ. ಒರಟಾದುದಾದರೂ ಹಾಸಿಗೆ, ಕುಂಚ, ಚಾಪೆಗಳಿಗೆ ಇದೇ ತಕ್ಕುದು. ಇದನ್ನು ಹುರಿಮಾಡಿ ಕೆಲಕಾಲವಿಟ್ಟು ಬಿಚ್ಚಿದರೆ ಸುರುಳಿಯು ನಿಲ್ಲುತ್ತದೆ. ಆ ಸುರುಳಿಯ ಮೇಲೆ ರಬ್ಬರಿನ ಹಾಲನ್ನು ಸಿಂಪಡಿಸಿ ಗಂಧಕದೊಡನೆ ಕಾಯಿಸಿದರೆ ಮೆತ್ತೆಯಾಗುತ್ತದೆ. ರಬ್ಬರೂ ಪಾಲಿಮರೇ ಆದುದರಿಂದ ಆ ಮೆತ್ತೆಯಲ್ಲಿ ಮೂರು ಪಾಲಿಮರುಗಳು ಸೇರಿದಂತಾಯಿತು.

ಮನುಷ್ಯನು ಕಟ್ಟಿದ ಪಾಲಿಮರುಗಳು ಬಂದ ಮೇಲೆ ಹಗ್ಗದ ಕಥೆ ಬೇರೆಯಾಯಿತು. ೧೯೩೫ರಲ್ಲಿ ಕರೋಥರ್ಸನ ಪ್ರಯೋಗಶಾಲೆಯಲ್ಲಿ ನೈಲಾನ್ ಹುಟ್ಟಿತು, ೧೯೫೪ರಲ್ಲಿ ಇಟಲಿಯ ನಟ್ಟನು ಪಾಲಿಪ್ರೊಪಿಲೀನನ್ನು ಪಡೆದನು. ಹಗುರ, ಅಗ್ಗ, ಕೊಳೆಯದು ಎಂಬ ಮೂರು ಗುಣಗಳಿಂದ ಇವು ದನದ ಕಣ್ಣಿಯಿಂದ ಹಡಗಿನ ಹಗ್ಗದವರೆಗೆ ನಾರನ್ನು ಹಿಂದೂಡಿದುವು. ಕೊಳೆಯದಿರುವುದು ಗುಣವೇ ದೋಷವೇ ಎಂಬುದು ಪ್ರಯೋಜನವನ್ನು ಅವಲಂಬಿಸಿದೆ. ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಗದಂತೆ ಹಾಸುವ ನಾರಿನ ಬಲೆಯು ಕೆಲವು ವರ್ಷಗಳಲ್ಲಿ ಮಣ್ಣಾಗುತ್ತದೆ. ಅಷ್ಟರೊಳಗೆ ಹುಲ್ಲು ಬೇರುಬಿಟ್ಟು ಬಲೆಯ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ. ಅಲ್ಲಿ ಪ್ಲಾಸ್ಟಿಕ್ಕಿನ ಬಲೆ ಹಾಸಿದರೆ ಕೆಲಸ ಮುಗಿದ ಮೇಲೂ ಅದು ನೆಲದಲ್ಲಿ ಉಳಿಯುತ್ತದೆ.

ನಾರನ್ನೂ ಪ್ಲಾಸ್ಟಿಕ್ಕನ್ನೂ ಕೂಡಿಸುವ ಸಂಶೋಧನೆಗಳೂ ನಡೆದಿವೆ. ನಾರು ನೀರನ್ನು ಪ್ರೀತಿಸತಕ್ಕದ್ದು, ಪಾಲಿಪ್ರೊಪಿಲೀನ್ ನೀರನ್ನು ದ್ವೇಷಿಸತಕ್ಕದ್ದು; ಇವೆರಡಕ್ಕೂ ಸ್ನೇಹವಾಗಲು ನಾರನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದು ಮೈಮೇಲಿನ ಮೇಣವನ್ನು ಕಳೆದು ಒರಟುಮಾಡಬೇಕಾಗುತ್ತದೆ. ಇದಕ್ಕಿಂತ ಹೆಚ್ಚಿನ ಮಹತ್ತ್ವವುಳ್ಳುದು ೨೦೦೪ರಲ್ಲಿ ಹಾಲೆಂಡಿನ ಯಾನ್ ವಾನ್ ಡಾಮ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಕ್ರಮ: ಮಟ್ಟೆಯನ್ನು ನಾರು ಪುಡಿಗಳೆಂದು ಬೇರ್ಪಡಿಸದೆ ಇಡಿಯಾಗಿ ಅರೆದು, ಕಾಯಿಸಿದ ಅಚ್ಚಿನಲ್ಲಿ ಒತ್ತುವುದು. ಶಾಖಕ್ಕೆ ಲಿಗ್ನಿನ್ ಮೆತ್ತಗಾಗಿ ಹರಿದು, ಆರಿದಾಗ ಬಿಗಿದು, ಹೊರಗಿನ ಅಂಟಿಲ್ಲದೆಯೇ ಹಲಗೆಯಾಗುತ್ತದೆ. ಮಟ್ಟೆಗೆ ಬೇಕಾದ ಅರಗು ಮಟ್ಟೆಯಲ್ಲಿಯೇ ಇದೆಯೆಂದಾಯಿತು.

ಇಷ್ಟಾದರೂ ನಾರಿನ ಕಾರ್ಖಾನೆಗಳ ಬದಿಯಲ್ಲಿ ಬೆಟ್ಟದಂತೆ ಬೀಳುವ ಪುಡಿಯ ಪ್ರಶ್ನೆ ಉಳಿಯುತ್ತದೆ. ತೂಕದಲ್ಲಿ ನಾರಿಗಿಂತ ಪುಡಿಯೇ ಹೆಚ್ಚು. ಮಳೆ ಬಿದ್ದರೆ ಅದರಿಂದ ಕಂದುಬಣ್ಣದ ಒಗರುನೀರು ಇಳಿದು ಅಕ್ಕಪಕ್ಕದ ನೆಲವನ್ನು ಸೇರುತ್ತದೆ. ಲಿಗ್ನಿನ್ ಹೆಚ್ಚಾಗಿಯೂ ಸಾರಜನಕ ಕಡಮೆಯಾಗಿಯೂ ಇರುವುದರಿಂದ ಗೊಬ್ಬರವಾಗಲು ವರ್ಷಗಳು ಹಿಡಿಯುತ್ತವೆ. ಅದರಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲವು ಸುಮಾರು ೧೧೨ ಪಾಲು. ಆದರೆ ತನ್ನ ತೂಕದ ಎಂಟರಷ್ಟು ನೀರನ್ನು ಹಿಡಿದಿಡುವ ಶಕ್ತಿಯೂ ಇದಕ್ಕೇ ಇದೆ. ಹಿನ್ನೀರಿನ ಉಪ್ಪು ಸೋಕದಿರುವುದು ಮೈದಾನದ ಪುಡಿಗೊಂದು ಅನುಕೂಲ. ಕೋಕೋಪೀಟ್ ಎಂಬ ಹೆಸರಿನಿಂದ ಇದು ಇಟ್ಟಿಗೆಯಾಗಿ ದೇಶಾಂತರದ ಸಸ್ಯಾಗಾರಗಳಿಗೂ ಹೋಗುತ್ತದೆ. ತೋಟಕ್ಕೇ ಮರಳಿಸುವುದಾದರೆ ೧೯೫೩ರ ಕಾಯಿದೆಯಿಂದ ಹುಟ್ಟಿದ ಕಾಯರ್ ಬೋರ್ಡು ಪ್ರಚಾರಪಡಿಸಿರುವ ಕ್ರಮವೊಂದಿದೆ. ಒಂದು ಟನ್ ಪುಡಿಗೆ ಐದು ಕಿಲೋಗ್ರಾಂ ಯೂರಿಯಾ ಸೇರಿಸಿ, ಲಿಗ್ನಿನನ್ನು ತಿನ್ನಬಲ್ಲ ಚಿಪ್ಪಣಬೆಯ ಬೀಜವನ್ನು ಪದರಪದರವಾಗಿ ಹರಡಿ, ನೆರಳಿನಲ್ಲಿ ತೇವವಾಗಿಟ್ಟರೆ, ಸುಮಾರು ಮೂವತ್ತು ದಿನಗಳಲ್ಲಿ ಆ ೧೧೨ ಪಾಲು ೨೪ಕ್ಕೆ ಇಳಿದು, ಪುಡಿಯು ಕಪ್ಪಾಗಿ ತೆಂಗಿನ ಬುಡಕ್ಕೆ ಹಾಕಲು ತಕ್ಕುದಾಗುತ್ತದೆ.