ತಪ್ಪು ಬರಹವೂ ಜಾಗರೂಕ ಯಂತ್ರವೂ

ಒಂದೇ ಒಂದು ಅಕ್ಷರವು ಯಂತ್ರವೊಂದನ್ನು ಕೆಡವಬಲ್ಲುದೇ? ಈ ಪ್ರಶ್ನೆಗೆ ನಗುವವರುಂಟು. ಆದರೆ 2018ರ ಫೆಬ್ರವರಿಯಲ್ಲಿ ಹಾಗೆಯೇ ನಡೆಯಿತು. ತೆಲುಗು ಲಿಪಿಯಲ್ಲಿ ಒಂದು ವಿಶೇಷ ರೀತಿಯಿಂದ ಬರೆದ ‘ಜ್ಞಾ’ ಎಂಬ ಅಕ್ಷರವು ಸಂದೇಶವಾಗಿ ಬಂದರೆ ಸಾಕು, ಆಪಲ್ ಸಂಸ್ಥೆಯ ಐಫೋನುಗಳಲ್ಲಿ ಅದನ್ನು ತೋರಿಸಹೊರಟ ಪ್ರೋಗ್ರಾಮು ಥಟ್ಟನೆ ಕುಸಿಯುತ್ತಿತ್ತು. ಮತ್ತೆ ತೆರೆದರೆ ಮತ್ತೆ ಅದೇ ಅಕ್ಷರ, ಮತ್ತೆ ಅದೇ ಪತನ! ‘ವಿಜ್ಞಾನ’ ಎಂಬ ಪದದ ನಡುವೆ ಕುಳಿತಿರುವ ಅಕ್ಷರವೇ ವಿಜ್ಞಾನದ ಕೂಸಿಗೆ ಕಂಟಕವಾಯಿತು. ಇದರ ಕಾರಣವನ್ನು ತಿಳಿಯಬೇಕಾದರೆ, ಯಂತ್ರವು ಅಕ್ಷರಗಳನ್ನು ಓದುವ ಬಗೆಯನ್ನು ಮೊದಲು ನೋಡಬೇಕು.

ಅಕ್ಷರಕ್ಕೆ ಅಂಕಿಯ ವೇಷ

ಕಂಪ್ಯೂಟರಿಗೆ ಅಕ್ಷರಗಳು ತಿಳಿಯವು. ಅಂಕಿಗಳು ಮಾತ್ರ ತಿಳಿಯುತ್ತವೆ. ಲೋಕದ ಲಿಪಿಚಿಹ್ನೆಗಳಿಗೆ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡುವ ಪದ್ಧತಿಗೆ ಯೂನಿಕೋಡ್ ಎಂದು ಹೆಸರು. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆದಿಡುವ ‘ಯುಟಿಎಫ್-8’ ಎಂಬ ಕ್ರಮವನ್ನು 1992ರಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ಎಂಬವರು ರೂಪಿಸಿದರು. ಒಂದು ಬೈಟಿನ ಬೆಲೆ 0ಯಿಂದ 255ರ ವರೆಗೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೇಕು. ‘ಕ’ ಎಂದರೆ ಯಂತ್ರಕ್ಕೆ 224, 178, 149. ಮೊದಲನೆಯದಾದ 224, ‘ನನ್ನ ಹಿಂದೆ ಇನ್ನಿಬ್ಬರು ಬರುತ್ತಿದ್ದಾರೆ’ ಎಂದು ಡಂಗುರ ಸಾರುವವನಂತೆ. ಹಿಂದೆ ಬರುವವರು 128ರಿಂದ 191ರೊಳಗಿನವರೇ ಆಗಿರಬೇಕು.

ಯಾವುದೋ ಅರ್ಜಿಯಲ್ಲಿ ಊರಿನ ಹೆಸರಿಗೆ 16 ಬೈಟುಗಳಷ್ಟೇ ಸ್ಥಳವಿದೆಯೆಂದು ಊಹಿಸಿಕೊಳ್ಳಿ. ‘ಮುಧೋಳ’, ‘ಬೀಳಗಿ’, ‘ರಬಕವಿ’ ಇವುಗಳಲ್ಲಿ ಐದೈದು ಚಿಹ್ನೆಗಳು. 15 ಬೈಟುಗಳಲ್ಲಿ ಸುಖವಾಗಿ ಕುಳಿತುಕೊಳ್ಳುತ್ತವೆ. ‘ಜಮಖಂಡಿ’ಯಲ್ಲಾದರೋ ಜ, ಮ, ಖ, ಸೊನ್ನೆ, ಡ, ಗುಡಿಸು ಎಂದು ಆರು ಚಿಹ್ನೆಗಳು, 18 ಬೈಟುಗಳು. ‘ಬನಹಟ್ಟಿ’ಗೆ 21. ಉಳಿದುದನ್ನು ಕತ್ತರಿಸಿಬಿಟ್ಟರೆ ‘ಜಮಖಂಡ’ದ ಬಳಿಕ 16ನೆಯ ಸ್ಥಾನದಲ್ಲಿ ಗುಡಿಸಿನ ಮೊದಲ ಬೈಟಾದ 224 ಒಂಟಿಯಾಗಿ ನಿಲ್ಲುತ್ತದೆ. ಇನ್ನಿಬ್ಬರು ಬರುವರೆಂಬ ಡಂಗುರವೇನೋ ಕೇಳಿಸಿತು. ಬರುವವರು ಮಾತ್ರ ಇಲ್ಲ. ಓದುವ ಯಂತ್ರವು ಆ ಮಾತನ್ನು ನಂಬಿ ಮುಂದೆ ಹೆಜ್ಜೆಯಿಟ್ಟರೆ, ತನ್ನ ಗಡಿಯನ್ನು ದಾಟಿ ಪಕ್ಕದ ಸ್ಮರಣೆಯೊಳಗೆ ನುಗ್ಗುತ್ತದೆ. ಅಲ್ಲಿ ಇನ್ನೊಬ್ಬರ ಗುಪ್ತಪದವೇ ಇರಬಹುದು! ಮುಧೋಳವೊಂದನ್ನೇ ಪರೀಕ್ಷಿಸಿ ನೋಡಿದವನಿಗೆ ಈ ದೋಷವು ಎಂದಿಗೂ ಕಾಣದು.

ಭಂಡಾರದ ಹೊಣೆ

ಪ್ರತಿಯೊಂದು ಪ್ರೋಗ್ರಾಮೂ ಈ ಕೆಲಸವನ್ನು ತಾನೇ ಮಾಡುವುದಿಲ್ಲ. ಓದುವುದು, ಅಳೆಯುವುದು, ತೆರೆಯ ಮೇಲೆ ಬರೆಯುವುದು ಮುಂತಾದವುಗಳಿಗೆ ಸಿದ್ಧ ವಿಧಾನಗಳ ಭಂಡಾರವೊಂದು ಆಪರೇಟಿಂಗ್ ಸಿಸ್ಟಮ್ಮಿನಲ್ಲಿಯೇ ಇರುತ್ತದೆ. ಇದಕ್ಕೆ ಲೈಬ್ರರಿ ಎನ್ನುತ್ತಾರೆ. ಊರಿಗೆಲ್ಲ ಒಂದೇ ಬಾವಿಯಿದ್ದಂತೆ. ಬಾವಿ ಕೆಟ್ಟರೆ ಎಲ್ಲ ಮನೆಗಳ ನೀರೂ ಕೆಟ್ಟಿತು.

ಸಿ ಭಾಷೆಯ ಲೈಬ್ರರಿಯಲ್ಲಿ ‘ಗೆಟ್ಸ್’ ಎಂಬ ವಿಧಾನವಿತ್ತು. ಬರುವ ಸಾಲನ್ನು ತುಂಬಿಕೊಳ್ಳುವುದು ಅದರ ಕೆಲಸ. ಸ್ಥಳವೆಷ್ಟಿದೆಯೆಂದು ಅದು ಕೇಳುತ್ತಲೇ ಇರಲಿಲ್ಲ. 1988ರ ನವೆಂಬರ್ 2ರಂದು ಇಂಟರ್ನೆಟ್ಟಿನಲ್ಲಿ ಹಬ್ಬಿದ ‘ಮಾರಿಸ್ ಹುಳು’ವಿಗೆ ಇದೂ ಒಂದು ಹೆಬ್ಬಾಗಿಲಾಯಿತು. 512 ಬೈಟುಗಳ ಸ್ಥಳಕ್ಕೆ 536 ಬೈಟುಗಳನ್ನು ಸುರಿದು, ತುಳುಕಿದ ಭಾಗದಿಂದ ಅದು ಯಂತ್ರವನ್ನೇ ವಶಪಡಿಸಿಕೊಂಡಿತು. ಕಡೆಗೆ 2011ರಲ್ಲಿ ಸಿ ಭಾಷೆಯ ಪ್ರಮಾಣಗ್ರಂಥದಿಂದ ‘ಗೆಟ್ಸ್’ ಅನ್ನು ತೆಗೆದುಹಾಕಲಾಯಿತು.

ಮಗ್ಗವು ಕಲಿಸುವ ಪಾಠ

ಹಾಗಾದರೆ ಕೆಟ್ಟ ಬರಹವನ್ನು ಹೇಗೆ ಎದುರಿಸಬೇಕು? ರಬಕವಿ-ಬನಹಟ್ಟಿಯ ನೇಕಾರರಿಗೆ ಇಂಥ ಪ್ರಶ್ನೆ ಹೊಸದಲ್ಲ. ವಿದ್ಯುತ್ ಮಗ್ಗದಲ್ಲಿ ಹೊಕ್ಕಿನ ಎಳೆಯನ್ನು ಕಾಯಲು ಸಣ್ಣ ಕವಲೊಂದನ್ನು ಅಳವಡಿಸುವುದುಂಟು. ಎಳೆ ಸರಿಯಾಗಿದ್ದರೆ ಅದು ಕವಲನ್ನು ತುಸು ವಾಲಿಸುತ್ತದೆ, ಮಗ್ಗ ಓಡುತ್ತದೆ. ಎಳೆ ಹರಿದಿದ್ದರೆ ಕವಲು ವಾಲದು. ಕೊಕ್ಕೆಯೊಂದು ಅದನ್ನು ಹಿಡಿದೆಳೆದು ಮಗ್ಗವನ್ನು ನಿಲ್ಲಿಸುತ್ತದೆ. ಎಳೆ ಇದ್ದೀತೆಂದು ಮಗ್ಗವು ಊಹಿಸುವುದಿಲ್ಲ. ಪ್ರತಿ ಸಲವೂ ಮುಟ್ಟಿ ನೋಡುತ್ತದೆ.

ಒಳ್ಳೆಯ ಲೈಬ್ರರಿಯ ನಡತೆಯೂ ಇಂಥದೇ. ಮೊದಲನೆಯದಾಗಿ, ಓದುವ ಮುನ್ನ ಉಳಿದಿರುವ ಬೈಟುಗಳೆಷ್ಟೆಂದು ಅದು ಎಣಿಸುತ್ತದೆ. ಎರಡನೆಯದಾಗಿ, ಹರಿದ ಅಕ್ಷರವನ್ನು ಕಂಡಾಗ ಊಹೆಯಿಂದ ತುಂಬದೆ, ತಪ್ಪಾಗಿದೆಯೆಂದು ಕರೆದವರಿಗೆ ತಿಳಿಸುತ್ತದೆ. ಇಲ್ಲವೇ ಆ ಸ್ಥಳದಲ್ಲಿ ಗುರುತೊಂದನ್ನು ಇಡುತ್ತದೆ. ಕರಿಯ ವಜ್ರಾಕೃತಿಯೊಳಗಿನ ಪ್ರಶ್ನಾರ್ಥಕ ಚಿಹ್ನೆಯನ್ನು ನೀವು ನೋಡಿರಬಹುದು; ಅದೇ ಈ ಗುರುತು. ಕೆಟ್ಟ ತುಣುಕನ್ನು ಸದ್ದಿಲ್ಲದೆ ಕಿತ್ತುಹಾಕುವುದೂ ಕ್ಷೇಮವಲ್ಲ. ಎಡಬಲದ ಅಕ್ಷರಗಳು ಕೂಡಿಕೊಂಡು, ತಪಾಸಣೆಯ ಕಣ್ಣಿಗೆ ಬೀಳದಿದ್ದ ನಿಷಿದ್ಧ ಪದವೊಂದು ಹುಟ್ಟಬಹುದು. ಮೂರನೆಯದಾಗಿ, ಮುಂದಿನ ಸರಿಯಾದ ಅಕ್ಷರದಿಂದ ಓದನ್ನು ಮುಂದುವರಿಸುತ್ತದೆ. ಯುಟಿಎಫ್-8ರಲ್ಲಿ ಮುಂದಾಳು ಬೈಟೂ ಹಿಂಬಾಲಕ ಬೈಟೂ ಒಂದಕ್ಕೊಂದು ಹೋಲದ ಕಾರಣ ಇದು ಸುಲಭಸಾಧ್ಯ.

ಸರಿಯಾದುದೂ ಅಪರಿಚಿತವಾದಾಗ

‘ಜ್ಞಾ’ದ ಸಂಗತಿ ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ಬೈಟುಗಳಲ್ಲಿ ಯಾವ ದೋಷವೂ ಇರಲಿಲ್ಲ. ಜ, ವಿರಾಮ, ಞ, ಕಣ್ಣಿಗೆ ಕಾಣದ ಒಂದು ಚಿಹ್ನೆ, ಕೊನೆಗೆ ದೀರ್ಘದ ಗುರುತು, ಹೀಗೆ ಐದು ಘಟಕಗಳು. ಆ ಕಾಣದ ಚಿಹ್ನೆಯನ್ನು ನಾವೂ ಬಳಸುತ್ತೇವೆ: ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಕು’ವು ಒತ್ತಕ್ಷರವಾಗಿ ಕೆಳಗಿಳಿಯದಂತೆ ತಡೆಯುವುದು ಅದೇ. ತೆಲುಗಿನಲ್ಲಿ ಅದು ವಾಡಿಕೆಯಿಲ್ಲದ ಸ್ಥಾನದಲ್ಲಿತ್ತು, ಅಷ್ಟೆ. ಯೂನಿಕೋಡ್ ಅದನ್ನು ನಿಷೇಧಿಸಿರಲಿಲ್ಲ. ಆದರೆ ಅಕ್ಷರಗಳನ್ನು ಚಿತ್ರಿಸುವ ‘ಕೋರ್ ಟೆಕ್ಸ್ಟ್’ ಲೈಬ್ರರಿಯು ಅದನ್ನು ನಿರೀಕ್ಷಿಸಿರಲಿಲ್ಲ, ಸ್ಮರಣೆ ಕದಡಿತು. ಫೆಬ್ರವರಿ 19ರಂದು ಆಪಲ್ ಸಂಸ್ಥೆಯು ಐಒಎಸ್ 11.2.6ನ್ನು ಹೊರತಂದು, ಬರುವ ಬರಹದ ತಪಾಸಣೆಯನ್ನು ಬಿಗಿಗೊಳಿಸಿ ದೋಷವನ್ನು ನೀಗಿಸಿತು.

ಇದರಿಂದ ತಿಳಿಯುವುದೇನು? ‘ವಿಚಿತ್ರ ಬರಹ’ವೆಂದು ಒಬ್ಬ ತಂತ್ರಜ್ಞನು ಕಡೆಗಣಿಸುವುದು ಮತ್ತೊಬ್ಬನ ಮನೆಮಾತಿನ ಲಿಪಿಯಾಗಿರಬಹುದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಬಾರ್ಟನ್ ಮಿಲ್ಲರ್ ಮತ್ತು ಸಂಗಡಿಗರು ಯೂನಿಕ್ಸ್ ಪ್ರೋಗ್ರಾಮುಗಳಿಗೆ ಗೊತ್ತುಗುರಿಯಿಲ್ಲದ ಅಕ್ಷರರಾಶಿಯನ್ನು ಉಣಿಸಿ ನೋಡಿ, ಅವುಗಳಲ್ಲಿ ಕಾಲುಭಾಗಕ್ಕೂ ಮಿಕ್ಕಿ ಕುಸಿಯುವುದನ್ನು 1990ರಲ್ಲಿ ಪ್ರಕಟಿಸಿದರು. ಈ ಪರೀಕ್ಷೆಗೆ ದೊಡ್ಡ ಪ್ರಯೋಗಶಾಲೆ ಬೇಡ. ನೀವು ಬರೆದ ಪ್ರೋಗ್ರಾಮಿಗೆ ನಿಮ್ಮೂರಿನ ಹೆಸರನ್ನೇ ಒಂದೊಂದು ಬೈಟಿನಲ್ಲಿ ಕತ್ತರಿಸಿ ಕೊಟ್ಟು ನೋಡಿ. ಒಂದು ಬೈಟಿನ ಅಕ್ಷರಗಳನ್ನಷ್ಟೇ ಬಲ್ಲವರಿಗೆ ಹೊಳೆಯದ ದೋಷಗಳು ಮೂರು ಬೈಟುಗಳ ನುಡಿಯನ್ನಾಡುವ ನಮಗೆ ಹೊಳೆಯಬೇಕು. ಅವನ್ನು ಹುಡುಕಿ ತಿದ್ದುವ ಕೆಲಸವೂ ನಮ್ಮದೇ.