ಬಘೀರನ ಕಣ್ಣು, ಕಬ್ಬಿನ ಗದ್ದೆಯ ಚಿರತೆ

ಮಕ್ಕಳೇ, ‘ದಿ ಜಂಗಲ್ ಬುಕ್’ ಎಂಬ ಕಾರ್ಟೂನ್ ಸಿನಿಮಾವನ್ನು ನಿಮ್ಮಲ್ಲಿ ಹಲವರು ಟಿ.ವಿ.ಯಲ್ಲೋ ಮೊಬೈಲಿನಲ್ಲೋ ನೋಡಿರುತ್ತೀರಿ. ತೋಳಗಳು ಸಾಕಿದ ಹುಡುಗ ಮೌಗ್ಲಿ, ಅವನನ್ನು ಕಾಯುವ ಕರಿಚಿರತೆ ಬಘೀರ, ಕುಣಿಯುವ ಕರಡಿ ಬಾಲೂ, ಹೆದರಿಸುವ ಹುಲಿ ಶೇರ್ ಖಾನ್. ಈ ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾದದ್ದು 1967ರ ಅಕ್ಟೋಬರ್‌ನಲ್ಲಿ. ಬಹುಶಃ ನಿಮ್ಮ ಅಪ್ಪ ಅಮ್ಮ ಹುಟ್ಟುವುದಕ್ಕೂ ಮೊದಲು! ಇದನ್ನು ಮಾಡಿಸಿದ ವಾಲ್ಟ್ ಡಿಸ್ನಿಯವರು ಚಿತ್ರ ತೆರೆಗೆ ಬರುವ ಮೊದಲೇ, 1966ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದರು. 2016ರಲ್ಲಿ ಅದೇ ಸಂಸ್ಥೆ ಇದೇ ಕಥೆಯನ್ನು ಮತ್ತೆ ತೆಗೆಯಿತು. ಅದರಲ್ಲಿ ಹುಡುಗನೊಬ್ಬ ಮಾತ್ರ ನಿಜ, ಪ್ರಾಣಿಗಳೆಲ್ಲ ಕಂಪ್ಯೂಟರ್‌ನಲ್ಲಿ ತಯಾರಾದವು. ಆದರೂ ಹಳೆಯ ಚಿತ್ರವನ್ನು ನೋಡುವವರು ಕಡಿಮೆಯಾಗಿಲ್ಲ. ಬರೀ ಪೆನ್ಸಿಲ್ಲಿನಿಂದ ಬರೆದ ಪ್ರಾಣಿಗಳು ಇಷ್ಟು ವರ್ಷ ನಮ್ಮನ್ನು ಹಿಡಿದಿಟ್ಟಿರುವುದು ಹೇಗೆ?

ಮೊದಲು ಒಂದು ಲೆಕ್ಕ ಮಾಡೋಣ. ಚಿತ್ರದ ಅವಧಿ 78 ನಿಮಿಷ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಸ್ಥಿರ ಚಿತ್ರಗಳು ನಮ್ಮ ಕಣ್ಣ ಮುಂದೆ ಹಾದುಹೋಗುತ್ತವೆ. 78ನ್ನು 60ರಿಂದ, ಅದನ್ನು 24ರಿಂದ ಗುಣಿಸಿ. 1,12,320 ಬಂತಲ್ಲವೇ? ಒಂದೇ ಚಿತ್ರವನ್ನು ಎರಡು ಸಲ ತೋರಿಸಿದರೂ ಅನೇಕ ಕಡೆ ನಡೆಯುತ್ತದೆ. ಹಾಗಾಗಿ ಕೆಲವು ದೃಶ್ಯಗಳಿಗೆ ಸೆಕೆಂಡಿಗೆ 12 ಚಿತ್ರ ಸಾಕು. ಆದರೆ ತೆರೆಯ ಮೇಲೆ ಬಾಲೂ, ಬಘೀರ, ಮೌಗ್ಲಿ ಮೂವರೂ ಇದ್ದರೆ ಮೂವರನ್ನೂ ಬರೆಯಬೇಕು. ಪಾರದರ್ಶಕ ಹಾಳೆಯ ಮೇಲೆ ಪ್ರಾಣಿಯ ಗೆರೆಗಳು, ಆ ಹಾಳೆಯ ಹಿಂಬದಿಗೆ ಬಣ್ಣ, ಅದರ ಕೆಳಗೆ ಬೇರೆಯಾಗಿ ಬರೆದಿಟ್ಟ ಕಾಡು. ಹೀಗೆ ಒಂದರ ಮೇಲೊಂದು ಇಟ್ಟು ಫೋಟೋ ತೆಗೆಯುತ್ತಿದ್ದರು. ಶೇರ್ ಖಾನನ ಮೈಮೇಲಿನ ಪಟ್ಟೆಗಳನ್ನು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಬರೆಯುವುದೆಂದರೆ ಎಂಥ ತಾಳ್ಮೆಯ ಕೆಲಸ, ಯೋಚಿಸಿ! ನಮ್ಮ ತೊಗಲುಗೊಂಬೆ ಆಟದಲ್ಲಿ ಒಂದೇ ಗೊಂಬೆಯ ಕೈಕಾಲು ಆಡಿಸಿದರೆ ಆಯಿತು. ಇಲ್ಲಿ ಪ್ರತಿ ಚಲನೆಗೂ ಹೊಸ ಚಿತ್ರ ಬೇಕು.

ಸ್ಥಿರ ಚಿತ್ರಗಳು ಚಲಿಸಿದಂತೆ ಏಕೆ ಕಾಣುತ್ತವೆ? ಕಣ್ಣಿನಲ್ಲಿ ಮೂಡಿದ ಬಿಂಬ ಕ್ಷಣಕಾಲ ಅಲ್ಲೇ ಉಳಿಯುವುದರಿಂದ ಎಂದು ಪಠ್ಯಪುಸ್ತಕಗಳಲ್ಲಿ ಓದಿರುತ್ತೀರಿ. ಅದಕ್ಕೆ ದೃಷ್ಟಿ ಸಾತತ್ಯ ಎಂದು ಹೆಸರು. ಆದರೆ ಅಷ್ಟೇ ಆಗಿದ್ದರೆ ಚಿತ್ರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಬೇಕಿತ್ತು. ನಿಜವಾದ ಕೆಲಸ ನಡೆಯುವುದು ಮೆದುಳಿನಲ್ಲಿ. ಈಗ ಇಲ್ಲಿದ್ದ ಪಂಜ ಮರುಕ್ಷಣ ಸ್ವಲ್ಪ ಮುಂದೆ ಕಂಡರೆ, ಅದು ಇಲ್ಲಿಂದ ಅಲ್ಲಿಗೆ ಸರಿಯಿತು ಎಂದು ಮೆದುಳು ತಾನೇ ತೀರ್ಮಾನಿಸಿ, ನಡುವಿನ ಚಲನೆಯನ್ನು ತುಂಬಿಕೊಳ್ಳುತ್ತದೆ. ನಾವು ನೋಡುವ ಓಟದಲ್ಲಿ ಅರ್ಧ ಪಾಲು ನಮ್ಮ ತಲೆಯೊಳಗೇ ತಯಾರಾದದ್ದು.

ಆದರೆ ಚಲಿಸಿದರೆ ಸಾಲದು, ಪ್ರಾಣಿ ಚಲಿಸುವ ಹಾಗೆಯೇ ಚಲಿಸಬೇಕು. ಇದಕ್ಕಾಗಿ ಚಿತ್ರಗಾರರು ವಿಜ್ಞಾನಿಗಳಂತೆ ವೀಕ್ಷಣೆ ಮಾಡಿದರು. ಪ್ರಾಣಿಗಳ ನಡಿಗೆಯನ್ನು ಬಿಡಿಬಿಡಿಯಾಗಿ ನೋಡುವ ದಾರಿ ತೋರಿಸಿದವರು ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ. ಅವರು 1878ರಲ್ಲಿ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಫೋಟೋ ತೆಗೆದರು. ಓಡುವಾಗ ಒಂದು ಕ್ಷಣ ಕುದುರೆಯ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ ಎಂದು ಆಗ ಎಲ್ಲರಿಗೂ ಕಂಡಿತು. ಬರಿಗಣ್ಣಿಗೆ ಅದು ಕಂಡಿರಲಿಲ್ಲ. ಶೇರ್ ಖಾನನನ್ನು ಬರೆದ ಮಿಲ್ಟ್ ಕಾಲ್ ಎಂಬ ಚಿತ್ರಗಾರರು ಡಿಸ್ನಿ ಸಂಸ್ಥೆಯೇ ನಿಜವಾದ ಹುಲಿ ಮತ್ತು ಜಾಗ್ವಾರ್‌ಗಳನ್ನಿಟ್ಟು ತೆಗೆದಿದ್ದ ಎರಡು ಸಿನಿಮಾಗಳನ್ನು ನೋಡಿ ಆ ನಡಿಗೆಯನ್ನು ಕಲಿತರು. ಬಾಲೂ ಮರಕ್ಕೆ ಬೆನ್ನು ಉಜ್ಜಿ ತುರಿಸಿಕೊಳ್ಳುವುದು ಕೂಡ ನಿಜವಾದ ಕರಡಿಗಳ ಚಿತ್ರದಿಂದ ಬಂದದ್ದು.

ಇದನ್ನು ಪರೀಕ್ಷಿಸಲು ನೀವು ಕಾಡಿಗೆ ಹೋಗಬೇಕಿಲ್ಲ. ಮನೆಯ ಬೆಕ್ಕು ಇಲಿಗೆ ಹೊಂಚು ಹಾಕುವಾಗ ಅದರ ಹೆಗಲನ್ನು ಗಮನಿಸಿ. ಒಂದೊಂದು ಹೆಜ್ಜೆಗೂ ಹೆಗಲ ಮೂಳೆ ಬೆನ್ನಿಗಿಂತ ಮೇಲಕ್ಕೆ ಏಳುತ್ತದೆ, ಇಳಿಯುತ್ತದೆ. ನಮ್ಮ ಹೆಗಲಿನ ಮೂಳೆಯನ್ನು ಕೊರಳ ಮೂಳೆ ಎದೆಗೆ ಸೇರಿಸಿರುತ್ತದೆ. ಬೆಕ್ಕಿನ ಕೊರಳ ಮೂಳೆ ಬಲು ಚಿಕ್ಕದು. ಅದು ಬೇರೆ ಮೂಳೆಗೆ ಕೂಡಿಲ್ಲ. ಮುಂಗಾಲುಗಳು ಸ್ನಾಯುಗಳಿಂದಲೇ ತೂಗಿಕೊಂಡಿರುವ ಕಾರಣ ಹೆಜ್ಜೆ ಉದ್ದವಾಗುತ್ತದೆ, ಸದ್ದೂ ಆಗುವುದಿಲ್ಲ. ಹುಲಿ, ಚಿರತೆಗಳದ್ದೂ ಇದೇ ರಚನೆ. ಈಗ ಬಘೀರ ನಡೆಯುವ ದೃಶ್ಯ ನೋಡಿ, ಹೆಗಲು ಏಳುವುದು ಅಲ್ಲೂ ಕಾಣುತ್ತದೆ. ನಮಗೆ ಕಾರಣ ಗೊತ್ತಿರದಿದ್ದರೂ ನಮ್ಮ ಕಣ್ಣು ಆ ಚಿರತೆಯನ್ನು ನಂಬುವುದು ಇದರಿಂದಲೇ.

ಇನ್ನು ಮುಖ. ಇಲ್ಲಿ ಚಿತ್ರಗಾರರು ಬೇಕೆಂದೇ ನಿಜವನ್ನು ಬಿಟ್ಟರು. ಚಿರತೆಗೆ ನಮ್ಮಂತೆ ಕುಣಿಸುವ ಹುಬ್ಬಿಲ್ಲ. ಅದರ ಕಣ್ಣಿನಲ್ಲಿ ಬಿಳಿ ಭಾಗ ಹೆಚ್ಚು ಕಾಣುವುದಿಲ್ಲ. ಮನುಷ್ಯರ ಕಣ್ಣಿನಲ್ಲಿ ಆ ಬಿಳುಪು ಎದ್ದು ಕಾಣುವುದರಿಂದಲೇ ಎದುರಿನವರು ಎತ್ತ ನೋಡುತ್ತಿದ್ದಾರೆ ಎಂದು ನಮಗೆ ಥಟ್ಟನೆ ತಿಳಿಯುತ್ತದೆ. ಬಘೀರನಿಗೆ ಅವರು ಮನುಷ್ಯರಂಥ ಹುಬ್ಬನ್ನೂ ಕಣ್ಣನ್ನೂ ಕೊಟ್ಟರು. ದೊಡ್ಡ ತಲೆ, ದುಂಡು ಕೆನ್ನೆ, ದೊಡ್ಡ ಕಣ್ಣು ಕಂಡರೆ ನಮ್ಮಲ್ಲಿ ಮುದ್ದು ಹುಟ್ಟುತ್ತದೆ ಎಂದು ಕಾನ್ರಾಡ್ ಲೊರೆನ್ಸ್ ಎಂಬ ಪ್ರಾಣಿವಿಜ್ಞಾನಿ 1943ರಲ್ಲೇ ವಿವರಿಸಿದ್ದರು. ಮಾನವ ಶಿಶುವನ್ನು ಕಾಪಾಡಲು ಪ್ರಕೃತಿ ನಮ್ಮಲ್ಲಿಟ್ಟಿರುವ ಗುಣ ಅದು. ಕಾರ್ಟೂನಿನ ಮರಿಪ್ರಾಣಿಯ ಮುಂದೆಯೂ ಅದು ಕೆಲಸ ಮಾಡುತ್ತದೆ. ಮೈ ಪ್ರಾಣಿಯದು, ಮುಖ ಮನುಷ್ಯನದು. ನನ್ನ ದೃಷ್ಟಿಯಲ್ಲಿ ಈ ಚಿತ್ರ ಹಳತಾಗದಿರುವ ಗುಟ್ಟು ಈ ಜೋಡಣೆಯಲ್ಲಿದೆ. ಹಾಡುಗಳ ಪಾಲೂ ಇದೆ, ಇಲ್ಲವೆನ್ನುವುದಿಲ್ಲ.

ಚಿತ್ರದಲ್ಲಿ ಸೇರಿಕೊಂಡ ಕೆಲವು ತಮಾಷೆಗಳನ್ನೂ ಗುರುತಿಸಿ. ಕೋತಿಗಳ ರಾಜ ಲೂಯಿ ಒಂದು ಒರಾಂಗುಟಾನ್. ಅದು ಇರುವುದು ಸುಮಾತ್ರಾ ಮತ್ತು ಬೋರ್ನಿಯೊ ದ್ವೀಪಗಳಲ್ಲಿ ಮಾತ್ರ, ಭಾರತದ ಕಾಡಿನಲ್ಲಿಲ್ಲ. ರಡ್‌ಯಾರ್ಡ್ ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ ಮೂಲ ಪುಸ್ತಕದಲ್ಲೂ ಇಲ್ಲ. ಹೆಬ್ಬಾವು ಕಾ ಕಣ್ಣಿನಿಂದಲೇ ಮಂಕು ಮಾಡುತ್ತದೆ. ಹಾವಿಗೆ ಮಿಟುಕಿಸುವ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಪಾರದರ್ಶಕ ಪೊರೆಯಿದೆ. ಅದು ದಿಟ್ಟಿಸಿ ನೋಡಿದಂತೆ ಕಾಣುವುದು ಅದರಿಂದ, ಯಾರನ್ನೂ ಮಂಕು ಮಾಡಲಾರದು. ಆನೆಗಳ ದಂಡಿಗೆ ಗಂಡಾನೆ ಕರ್ನಲ್ ಹಾಥಿ ನಾಯಕ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಸುತ್ತಲಿನ ಕಾವೇರಿ ವನ್ಯಜೀವಿಧಾಮದಲ್ಲಿರುವ ನಿಜವಾದ ಆನೆ ಹಿಂಡಿಗೆ ಹಿರಿಯ ಹೆಣ್ಣಾನೆಯೇ ಯಜಮಾನಿ. ಗಂಡು ಮರಿಗಳು ಬೆಳೆದ ಮೇಲೆ ಹಿಂಡು ಬಿಟ್ಟು ಹೋಗುತ್ತವೆ.

ಬಘೀರನ ವಿಷಯ ಮಾತ್ರ ನಮಗೆ ತೀರ ಹತ್ತಿರದ್ದು. ಕರಿಚಿರತೆ ಎಂಬುದು ಬೇರೆ ಜಾತಿಯ ಪ್ರಾಣಿಯಲ್ಲ, ಚಿರತೆಯೇ. ತಾಯಿ ತಂದೆ ಇಬ್ಬರಿಂದಲೂ ಒಂದು ವಿಶೇಷ ಜೀನ್ ಬಂದಾಗ ಮೆಲನಿನ್ ಎಂಬ ವರ್ಣಕ ಹೆಚ್ಚಿ ಮೈ ಕಪ್ಪಾಗುತ್ತದೆ. ಬಿಸಿಲು ಓರೆಯಾಗಿ ಬಿದ್ದರೆ ಆ ಕಪ್ಪಿನೊಳಗೂ ಚುಕ್ಕೆಗಳು ಕಾಣುತ್ತವೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಕಾಡಿನಲ್ಲಿ ಇಂಥ ಚಿರತೆಯ ಫೋಟೋಗಳನ್ನು ತೆಗೆದಿದ್ದಾರೆ. ಇನ್ನೊಂದು ಸ್ವಾರಸ್ಯ ಕೇಳಿ. ಕಬಿನಿ ದಂಡೆಯ ಕಾರಾಪುರದಲ್ಲಿ 1924ರಲ್ಲಿ ಮಾವುತರ ಮನೆಯಲ್ಲಿ ಹುಟ್ಟಿದ ಸಾಬು ಎಂಬ ಹುಡುಗ ಮುಂದೆ ಸಿನಿಮಾ ನಟನಾದ. 1942ರಲ್ಲಿ ನಿಜವಾದ ಮನುಷ್ಯರನ್ನೂ ಪ್ರಾಣಿಗಳನ್ನೂ ಇಟ್ಟು ತೆಗೆದ ‘ಜಂಗಲ್ ಬುಕ್’ ಚಿತ್ರದಲ್ಲಿ ಮೌಗ್ಲಿಯಾದವನು ಅವನೇ. ಮೌಗ್ಲಿಯಾದ ಹುಡುಗ ಬಘೀರನ ಕಾಡಿನವನೇ ಆಗಿದ್ದ!

ಮದ್ದೂರು, ಮಳವಳ್ಳಿ ಕಡೆಯ ಶಾಲೆಗಳಲ್ಲಿ ಈ ಚಿತ್ರದ ತುಣುಕು ತೋರಿಸಿದಾಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: “ಸಾರ್, ನಮ್ಮ ಗದ್ದೆಗೆ ಬರೋ ಚಿರತೆ ಹಿಂಗೇ ಇರುತ್ತಾ?” ಹಳಬರು ಅದನ್ನೇ ಕಿರುಬ ಎನ್ನುತ್ತಾರೆ. ವಿ.ಸಿ. ನಾಲೆಯ ನೀರು ಬಂದ ಮೇಲೆ ನಮ್ಮ ಬಯಲೆಲ್ಲ ಕಬ್ಬು, ಭತ್ತ ಆಯಿತು. ಕಬ್ಬು ಒಂದು ವರ್ಷದಷ್ಟು ಕಾಲ ಆಳೆತ್ತರ ನಿಲ್ಲುವ ಬೆಳೆ. ಒಳಗೆ ನೆರಳು, ಪಕ್ಕದಲ್ಲಿ ನೀರು, ಊರಿನಲ್ಲಿ ನಾಯಿ. ಚಿರತೆಗೆ ಇನ್ನೇನು ಬೇಕು? ಅಲ್ಲೇ ಮರಿ ಹಾಕುತ್ತದೆ. ಕಬ್ಬು ಕಡಿಯುವಾಗ ಮರಿಗಳು ಸಿಕ್ಕ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ದೊಡ್ಡ ಕಣ್ಣಿನ ಆ ಮರಿಯನ್ನು ಕಂಡರೆ ಲೊರೆನ್ಸ್ ಹೇಳಿದ ಮುದ್ದು ನಮ್ಮಲ್ಲಿ ಹುಟ್ಟಿಯೇ ಹುಟ್ಟುತ್ತದೆ. ಎತ್ತಿಕೊಳ್ಳಬೇಡಿ. ತಾಯಿ ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತದೆ. ದೂರ ಸರಿದು ದೊಡ್ಡವರಿಗೆ ಹೇಳಿ, ಅವರು ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ಮರಿಗಳನ್ನು ರಾತ್ರಿ ಅದೇ ಜಾಗದಲ್ಲಿ ಇಟ್ಟು ಜನ ದೂರ ಹೋದರೆ ತಾಯಿ ಬಂದು ಒಯ್ಯುವುದುಂಟು. ಹಾಗೆ ಒಯ್ದರೆ ಮರಿಗೂ ಕ್ಷೇಮ, ಊರಿಗೂ ಕ್ಷೇಮ.

2022ರ ಕೊನೆಯಿಂದ 2023ರ ಜನವರಿವರೆಗೆ ನಮ್ಮ ನೆರೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಪ್ರಾಣ ಕಳೆದುಕೊಂಡರು. ಅವರಲ್ಲಿ ಒಬ್ಬ ನಿಮ್ಮ ವಯಸ್ಸಿನ ಹುಡುಗ. ಚಿರತೆ ಮನುಷ್ಯರನ್ನು ಸಾಮಾನ್ಯವಾಗಿ ದೂರವಿಡುತ್ತದೆ, ಆದರೆ ಒಂಟಿಯಾಗಿ ಬಗ್ಗಿ ಕುಳಿತ ಚಿಕ್ಕ ಆಕಾರವನ್ನು ಬೇಟೆ ಎಂದುಕೊಳ್ಳಬಹುದು. ಆದ್ದರಿಂದ ಮುಸ್ಸಂಜೆಯಲ್ಲಿ ಗದ್ದೆ ಬದುವಿಗೆ ಒಬ್ಬರೇ ಹೋಗಬೇಡಿ. ಗುಂಪಾಗಿ, ಟಾರ್ಚ್ ಹಿಡಿದು, ಗಟ್ಟಿಯಾಗಿ ಮಾತನಾಡುತ್ತ ಹೋಗಿ. ಎದುರಾದರೆ ಬೆನ್ನು ತೋರಿಸಿ ಓಡಬೇಡಿ, ನೆಟ್ಟಗೆ ನಿಂತು ನಿಧಾನವಾಗಿ ಹಿಂದೆ ಸರಿಯಿರಿ. ಗದ್ದೆಯ ಚಿರತೆಗೆ ಬಘೀರನ ಹುಬ್ಬಿಲ್ಲ. ಅದರ ಮನಸ್ಸಿನಲ್ಲಿ ಏನಿದೆ ಎಂದು ಮುಖ ನೋಡಿ ಓದಲಾಗದು.

ಮಾಡಿ ನೋಡಿ: ಹಳೆಯ ನೋಟ್‌ಬುಕ್‌ನ ಮೂಲೆಯಲ್ಲಿ, ಒಂದು ಹಾಳೆಗೆ ಒಂದರಂತೆ 24 ಹಾಳೆಗಳ ಮೇಲೆ ನಡೆಯುವ ಬೆಕ್ಕನ್ನು ಬರೆಯಿರಿ. ಪ್ರತಿ ಹಾಳೆಯಲ್ಲೂ ಕಾಲು ಮತ್ತು ಹೆಗಲು ಒಂದು ಕೂದಲೆಳೆಯಷ್ಟೇ ಸರಿಯಲಿ. ಹೆಬ್ಬೆರಳಿನಿಂದ ಹಾಳೆಗಳನ್ನು ಸರ್ರನೆ ಬಿಡಿ. ಎರಡು ಸೆಕೆಂಡಿನ ಸಿನಿಮಾ ಸಿದ್ಧ! ಆಮೇಲೆ ಆನೆಯನ್ನು ಬರೆಯಿರಿ. ಆನೆ ಎಷ್ಟೇ ಜೋರಾಗಿ ಓಡಿದರೂ ಕುದುರೆಯಂತೆ ನಾಲ್ಕೂ ಕಾಲನ್ನು ಒಟ್ಟಿಗೆ ಎತ್ತುವುದಿಲ್ಲ. ಯಾವ ಹಾಳೆಯಲ್ಲೂ ಒಂದು ಕಾಲಾದರೂ ನೆಲದ ಗೆರೆಯ ಮೇಲೆ ಇರಲೇಬೇಕು.